ಕಾಂಡಕೋಶದ ಮುಪ್ಪನ್ನು ನಿಧಾನಿಸುವ ನ್ಯಾನೊ ಕಣಗಳು: ಕೆಲಸ ಮಾಡುವ ಬಗೆ, ಕೈಕೊಡುವ ಬಗೆ

ಮೂಳೆಮಜ್ಜೆಯಿಂದ ತೆಗೆದ ಕಾಂಡಕೋಶಗಳು ಪ್ಲಾಸ್ಟಿಕ್ ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು ಬೆಳೆಯತೊಡಗಿದ ಮೊದಲ ವಾರಗಳಲ್ಲಿ ಸೂಕ್ಷ್ಮದರ್ಶಕದಡಿ ಕದಿರಿನಂತೆ ಕಾಣುತ್ತವೆ. ಎರಡೂ ತುದಿ ಚೂಪು, ನಡು ತುಸು ಉಬ್ಬು, ಹರಿಯುವ ನೀರಿನ ಗೆರೆಗಳಂತೆ ಒಂದರ ಮಗ್ಗುಲಲ್ಲಿ ಇನ್ನೊಂದು. ಫ್ಲಾಸ್ಕ್ ತುಂಬಿದಾಗಲೆಲ್ಲ ಬಿಡಿಸಿ ಹೊಸ ಫ್ಲಾಸ್ಕಿಗೆ ಹಂಚುತ್ತಾ ಹೋದರೆ, ಎಂಟು ಹತ್ತನೆಯ ಹಂಚಿಕೆಯ ಹೊತ್ತಿಗೆ ನೋಟವೇ ಬದಲಾಗಿರುತ್ತದೆ. ಕೋಶಗಳು ಅಗಲವಾಗಿ ಚಪ್ಪಟೆಯಾಗಿ ಹರಡಿಕೊಂಡಿವೆ, ಅಂಚುಗಳು ಹರಿದ ಬಟ್ಟೆಯಂತಿವೆ, ಒಳಗೆಲ್ಲ ಕಾಳುಕಾಳಾಗಿ ಕಸ. ಸತ್ತಿಲ್ಲ, ಉಸಿರಾಡುತ್ತಿವೆ, ಆದರೆ ಇನ್ನು ಇಬ್ಭಾಗವಾಗುವುದಿಲ್ಲ. ಇದೇ ಕೋಶದ ಮುಪ್ಪು. ಮನುಷ್ಯನ ಸಾಮಾನ್ಯ ಜೀವಕೋಶಗಳು ಫ್ಲಾಸ್ಕಿನಲ್ಲಿ ಸುಮಾರು 40ರಿಂದ 60 ಬಾರಿ ದುಪ್ಪಟ್ಟಾಗಿ ನಿಂತುಬಿಡುತ್ತವೆ ಎಂದು ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ 1961ರಲ್ಲೇ ತೋರಿಸಿದ್ದರು.

ಚಿಕಿತ್ಸೆಗೆ ಇದು ಯಾಕೆ ತಲೆನೋವು ಎನ್ನುವುದು ಒಂದು ಲೆಕ್ಕದಲ್ಲಿ ಗೊತ್ತಾಗುತ್ತದೆ. ಮಜ್ಜೆಯ ಏಕಕೇಂದ್ರ ಕೋಶಗಳಲ್ಲಿ ಮೆಸೆಂಕೈಮಲ್ ಕಾಂಡಕೋಶ (ಮೂಳೆ, ಕೊಬ್ಬಿನ ಕೋಶಗಳಾಗಿ ಬದಲಾಗಬಲ್ಲದ್ದು, ಮೇಲೆ ಹೇಳಿದ್ದು ಇದನ್ನೇ) ಸಿಗುವುದು ಹತ್ತು ಸಾವಿರಕ್ಕೆ ಒಂದರಿಂದ ಒಂದು ಲಕ್ಷಕ್ಕೆ ಒಂದು. ಕೊಡಬೇಕಾದ ಪ್ರಮಾಣವಾದರೋ ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ 10ರಿಂದ 20 ಲಕ್ಷ. 60 ಕಿಲೋ ತೂಕದವರಿಗೆ 6ರಿಂದ 12 ಕೋಟಿ. ಆರಂಭದಲ್ಲಿ 10,000 ಕೋಶ ಕೈಗೆ ಸಿಕ್ಕವು ಎಂದುಕೊಂಡರೆ, 12 ಕೋಟಿ ಮುಟ್ಟಲು ಹದಿಮೂರು ಹದಿನಾಲ್ಕು ಬಾರಿ ದುಪ್ಪಟ್ಟಾಗಬೇಕು. ದಾನಿಗೇ ವಯಸ್ಸಾಗಿದ್ದರೆ ಅವರ ಕೋಶಗಳು ಈ ಓಟವನ್ನು ಅರ್ಧ ದಣಿದೇ ಶುರುಮಾಡುತ್ತವೆ. ಮುಪ್ಪಾದ ಕೋಶ ಸುಮ್ಮನೆಯೂ ಕೂರುವುದಿಲ್ಲ. ಐಎಲ್-6, ಐಎಲ್-8ರಂಥ ಉರಿಯೂತದ ಸಂಕೇತಗಳನ್ನು ಸುತ್ತ ಉಗುಳುತ್ತಾ ಪಕ್ಕದ ಎಳೆಯ ಕೋಶಗಳನ್ನೂ ಮುಪ್ಪಿಗೆ ಎಳೆಯುತ್ತದೆ.

ಮುಪ್ಪಿಗೆ ಕಾರಣಗಳು ಹಲವು. ಅವುಗಳಲ್ಲಿ ನ್ಯಾನೊ ಕಣಗಳು ಕೈಹಾಕುವುದು ಒಂದಕ್ಕೆ ಮಾತ್ರ: ಕ್ರಿಯಾಶೀಲ ಆಮ್ಲಜನಕ, ಅಂದರೆ ಆರ್‌ಒಎಸ್.

ಆಮ್ಲಜನಕದ ಕಿಡಿಗಳು

ಮೈಟೊಕಾಂಡ್ರಿಯದಲ್ಲಿ ಶಕ್ತಿ ತಯಾರಾಗುವಾಗ ಎಲೆಕ್ಟ್ರಾನುಗಳು ಒಂದರಿಂದ ಒಂದಕ್ಕೆ ಕೈದಾಟುತ್ತಾ ಸಾಗುತ್ತವೆ. ಈ ಸರಣಿಯ ಒಂದನೆಯ ಮತ್ತು ಮೂರನೆಯ ಪ್ರೋಟೀನ್ ಸಂಕೀರ್ಣಗಳ ಬಳಿ ಕೆಲವು ಜಾರಿ ಆಮ್ಲಜನಕದ ಮೇಲೆ ಬಿದ್ದು ಸೂಪರಾಕ್ಸೈಡ್ ಆಗುತ್ತದೆ. ಅದನ್ನು ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ಹೈಡ್ರೊಜನ್ ಪೆರಾಕ್ಸೈಡ್ ಆಗಿ ಬದಲಿಸುತ್ತದೆ. ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ 1969ರಲ್ಲಿ ಗುರುತಿಸಿದ ಕಿಣ್ವ ಇದು. ಲ್ಯಾಬಿನ ಮಾತಿನಲ್ಲಿ ಎಸ್‌ಒಡಿ. ಪೆರಾಕ್ಸೈಡನ್ನು ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್ ನೀರಾಗಿಸುತ್ತವೆ. ಈ ಎರಡನೆಯ ಹೆಜ್ಜೆ ತಡವಾಗಿ, ಹತ್ತಿರದಲ್ಲಿ ಬಿಡಿ ಕಬ್ಬಿಣವಿದ್ದರೆ ಫೆಂಟನ್ ಕ್ರಿಯೆ ನಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಅದರ ಆಯುಸ್ಸು ನ್ಯಾನೊಸೆಕೆಂಡುಗಳಷ್ಟು, ಹುಟ್ಟಿದ ಜಾಗದಿಂದ ಕೆಲವೇ ನ್ಯಾನೊಮೀಟರ್ ದಾಟುವಷ್ಟರಲ್ಲಿ ಸಿಕ್ಕಿದ್ದನ್ನು ಸುಡುತ್ತದೆ. ಹುಟ್ಟಿದ ಮೇಲೆ ಅದನ್ನು ಹಿಡಿಯುವ ಯಾವ ಔಷಧವೂ ಸಾಕಷ್ಟು ಹತ್ತಿರ ಇರುವುದಿಲ್ಲ. ಹಾಗಾಗಿ ಇಡೀ ವಿದ್ಯೆ ಇರುವುದು ಅದು ಹುಟ್ಟದಂತೆ ನೋಡಿಕೊಳ್ಳುವುದರಲ್ಲಿ.

ಆರ್‌ಒಎಸ್ ಏಟು ಡಿಎನ್‌ಎಗೆ ಬಿದ್ದಾಗ ಪಿ53 ಮತ್ತು ಪಿ21 ಎಂಬ ಕಾವಲು ಪ್ರೋಟೀನುಗಳು ಎಚ್ಚೆತ್ತು ವಿಭಜನೆಗೆ ತಡೆ ಹಾಕುತ್ತವೆ. ಏಟು ಮುಂದುವರಿದರೆ ಪಿ38 ಎಂಬ ಕಿಣ್ವದ ದಾರಿಯಲ್ಲಿ ಪಿ16 ಎಂಬ ಇನ್ನೊಂದು ಪ್ರೋಟೀನ್ ಏರುತ್ತದೆ, ಆ ತಡೆ ಶಾಶ್ವತವಾಗುತ್ತದೆ. ಕೀಸುಕೆ ಇಟೊ ಮತ್ತು ಸಂಗಡಿಗರು 2006ರಲ್ಲಿ ಇಲಿಗಳ ರಕ್ತ ಕಾಂಡಕೋಶಗಳಲ್ಲಿ ಇದನ್ನು ತೋರಿಸಿದರು: ಆರ್‌ಒಎಸ್ ಏರಿದರೆ ಪಿ38 ಚುರುಕಾಗಿ ಕೋಶಗಳ ಆಯುಸ್ಸು ಕುಗ್ಗುತ್ತದೆ, ಪಿ38 ತಡೆದರೆ ಅಥವಾ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಆಂಟಿಆಕ್ಸಿಡೆಂಟ್ ಕೊಟ್ಟರೆ ಉಳಿಯುತ್ತದೆ. ಟೆಲೊಮಿಯರ್‌ಗಳಿಗೂ ಇದರ ಬಿಸಿ ತಟ್ಟುತ್ತದೆ. ಕ್ರೊಮೊಸೋಮಿನ ತುದಿಯ ಈ ಭಾಗದಲ್ಲಿ ಗ್ವಾನಿನ್ ಸಾಲುಸಾಲಾಗಿ ಬರುತ್ತದೆ, ನಾಲ್ಕು ಬೇಸ್‌ಗಳ ಪೈಕಿ ಅತಿ ಸುಲಭವಾಗಿ ಉತ್ಕರ್ಷಣಗೊಳ್ಳುವುದೂ ಅದೇ.

ಇದರ ಮೇಲೆ ನಾವೇ ಮಾಡಿಕೊಂಡ ಇನ್ನೊಂದು ತಪ್ಪಿದೆ. ಮಜ್ಜೆಯೊಳಗೆ ಆಮ್ಲಜನಕ ಶೇ 1ರಿಂದ 6ರ ಆಸುಪಾಸು. ಸಾಮಾನ್ಯ ಇನ್‌ಕ್ಯುಬೇಟರಿನಲ್ಲಿ ಶೇ 18ಕ್ಕಿಂತ ಹೆಚ್ಚು. ಕತ್ತಲ ಕೋಣೆಯಲ್ಲಿದ್ದವರನ್ನು ಸುಡುಬಿಸಿಲಿಗೆ ತಂದು ನಿಲ್ಲಿಸಿ ಮೈ ಕಪ್ಪಾಯಿತೆಂದು ಮುಲಾಮು ಹುಡುಕುವಂತೆ ನಮ್ಮ ಕೆಲಸ. ನ್ಯಾನೊ ಕಣದ ಪ್ರಯೋಗ ಮಾಡುವವರು ಮೊದಲು ಆಮ್ಲಜನಕವನ್ನು ಶೇ 3-5ಕ್ಕೆ ಇಳಿಸಿ ನೋಡಬೇಕು. ಎಷ್ಟೋ ಬಾರಿ ಅರ್ಧ ಲಾಭ ಅಲ್ಲೇ ಸಿಕ್ಕಿಬಿಡುತ್ತದೆ.

ವಿಟಮಿನ್ ಸಿ ಸಾಲದೇ?

ಸ್ವಲ್ಪ ಮಟ್ಟಿಗೆ ಸಾಕು, ಬಹುಕಾಲ ಸಾಲದು. ಆಸ್ಕಾರ್ಬಿಕ್ ಆಮ್ಲ 37 ಡಿಗ್ರಿಯ ಪೋಷಕ ದ್ರವದಲ್ಲಿ ಗಂಟೆಗಳೊಳಗೆ ಹಾಳಾಗುತ್ತದೆ. ದ್ರವದಲ್ಲಿ ಲೋಹದ ಅಯಾನುಗಳಿದ್ದರೆ ಹಾಳಾಗುವಾಗ ತಾನೇ ಪೆರಾಕ್ಸೈಡ್ ಹುಟ್ಟಿಸುತ್ತದೆ. ಕಳ್ಳನನ್ನು ಹಿಡಿಯಬಂದವನೇ ಕದ್ದ ಹಾಗೆ. ಎನ್-ಅಸಿಟೈಲ್ ಸಿಸ್ಟೀನ್ 1ರಿಂದ 5 ಮಿಲಿಮೋಲಾರ್ ಹಾಕುವ ರೂಢಿಯಿದೆ. ಅದು ಆಮ್ಲ, ಪಿಎಚ್ ಸರಿಪಡಿಸದೆ ಹಾಕಿದರೆ ದ್ರವ ಹಳದಿಗೆ ತಿರುಗುತ್ತದೆ. ಇವೆಲ್ಲ ಖರ್ಚಾಗಿ ಮುಗಿಯುವ ಪದಾರ್ಥಗಳು: ಒಂದು ಅಣು ಒಂದೆರಡು ರ‍್ಯಾಡಿಕಲ್‌ಗಳನ್ನು ತಣಿಸಿ ತೀರಿಹೋಗುತ್ತದೆ. ಕಿಣ್ವಗಳು ಖರ್ಚಾಗುವುದಿಲ್ಲ, ಆದರೆ ಹೊರಗಿನಿಂದ ಕೊಟ್ಟ ಎಸ್‌ಒಡಿ ಅಥವಾ ಕ್ಯಾಟಲೇಸ್ ಕೋಶದ ಪೊರೆ ದಾಟುವುದು ಕಷ್ಟ, ದಾಟಿದರೂ ಬೇಗ ಕಡಿದುಹೋಗುತ್ತವೆ.

ಕಿಣ್ವದಂತೆ ಮತ್ತೆ ಮತ್ತೆ ಕೆಲಸ ಮಾಡಬೇಕು, ಖನಿಜದಂತೆ ಗಟ್ಟಿಯಾಗಿರಬೇಕು. ಈ ಆಸೆಗೆ ಉತ್ತರವೇ ನ್ಯಾನೊಜೈಮ್. ಕಬ್ಬಿಣದ ಆಕ್ಸೈಡಿನ ಕಣಗಳು ಪೆರಾಕ್ಸಿಡೇಸ್ ಕಿಣ್ವದಂತೆ ವರ್ತಿಸುತ್ತವೆ ಎಂದು 2007ರಲ್ಲಿ ಚೀನಾದ ಯಾನ್ ಶಿಯುನ್ ತಂಡ ತೋರಿಸಿದ ಮೇಲೆ ಈ ಕ್ಷೇತ್ರ ಹಬ್ಬಿತು. ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮುಗೇಶ್ ತಂಡ 2014ರಲ್ಲಿ ವನೇಡಿಯಂ ಪೆಂಟಾಕ್ಸೈಡಿನ ನ್ಯಾನೊತಂತಿಗಳು ಗ್ಲುಟಾಥಯೋನ್ ಪೆರಾಕ್ಸಿಡೇಸ್‌ನ ಕೆಲಸ ಮಾಡುವುದನ್ನು ವರದಿ ಮಾಡಿತು. ಕಾಂಡಕೋಶದ ಮುಪ್ಪಿನ ವಿಷಯಕ್ಕೆ ಬಂದರೆ ಹೆಚ್ಚು ತಿಳಿವಳಿಕೆ ಕೂಡಿರುವುದು ಸಿರಿಯಂ ಆಕ್ಸೈಡ್, ಅಂದರೆ ನ್ಯಾನೊಸೀರಿಯದ ಬಗ್ಗೆ. ಹಾಗಾಗಿ ಅದನ್ನೇ ಬಿಡಿಸಿ ನೋಡೋಣ.

ಒಂದು ಕಣದ ಒಳಗೆ

ಸಿರಿಯಂ ಎರಡು ವಿದ್ಯುದಾವೇಶದ ಸ್ಥಿತಿಗಳ ನಡುವೆ ಸಲೀಸಾಗಿ ಓಡಾಡುತ್ತದೆ: ಮೂರು ಧನ, ನಾಲ್ಕು ಧನ. ದೊಡ್ಡ ಹರಳಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ನಾಲ್ಕು ಧನ. ಕಣವನ್ನು 3ರಿಂದ 5 ನ್ಯಾನೊಮೀಟರಿಗೆ ಇಳಿಸಿದಾಗ ಮೇಲ್ಮೈಯಲ್ಲಿ ಆಮ್ಲಜನಕದ ಜಾಗಗಳು ಅಲ್ಲಲ್ಲಿ ಖಾಲಿ ಬೀಳುತ್ತವೆ; ಖಾಲಿ ಜಾಗದ ಬಳಿಯ ಸಿರಿಯಂ ಮೂರು ಧನವಾಗಿ ಉಳಿಯುತ್ತದೆ. ಕ್ರಿಯೆ ನಡೆಯುವ ಕಟ್ಟೆ ಇದೇ. ಮೂರು ಧನ ಹೆಚ್ಚಿರುವ ಕಣ ಎಸ್‌ಒಡಿಯಂತೆ ಸೂಪರಾಕ್ಸೈಡನ್ನು ಹಿಡಿಯುತ್ತದೆ. ನಾಲ್ಕು ಧನ ಹೆಚ್ಚಿರುವ ಕಣ ಕ್ಯಾಟಲೇಸಿನಂತೆ ಪೆರಾಕ್ಸೈಡನ್ನು ಒಡೆಯುತ್ತದೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗಿ ಮತ್ತೆ ಮರಳುವುದರಿಂದ ಕಣ ಖರ್ಚಾಗುವುದಿಲ್ಲ.

ಈ ಓಡಾಟವನ್ನು ಕಣ್ಣಾರೆ ನೋಡಬಹುದು. ಚೆನ್ನಾಗಿ ತಯಾರಾದ ನ್ಯಾನೊಸೀರಿಯದ ದ್ರಾವಣ ತಿಳಿ ಹಳದಿ. ಅದಕ್ಕೆ ಒಂದು ಹನಿ ಹೈಡ್ರೊಜನ್ ಪೆರಾಕ್ಸೈಡ್ ಬಿಟ್ಟರೆ ಕ್ಷಣದಲ್ಲಿ ಕಿತ್ತಳೆಗೆ ಏರುತ್ತದೆ. ಬಾಟಲಿಯನ್ನು ಹಾಗೇ ಇಟ್ಟರೆ ದಿನಗಳು ಕಳೆದಂತೆ ಬಣ್ಣ ಇಳಿದು ಮತ್ತೆ ಹಳದಿಗೆ ಬರುತ್ತದೆ. ಹನಿ ಬಿಟ್ಟರೂ ಬಣ್ಣ ಏರದ, ಏರಿದ್ದು ಇಳಿಯದ ಬ್ಯಾಚನ್ನು ಕೋಶಗಳ ಹತ್ತಿರ ತರದಿರುವುದೇ ಲೇಸು.

ಗಾತ್ರದ ಲೆಕ್ಕವೂ ಗೊತ್ತಿರಬೇಕು. ಸಿರಿಯಂ ಆಕ್ಸೈಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.2 ಗ್ರಾಂ. 5 ನ್ಯಾನೊಮೀಟರಿನ ಕಣಗಳಾದರೆ 1 ಗ್ರಾಂಗೆ ಸುಮಾರು 165 ಚದರ ಮೀಟರ್ ಮೇಲ್ಮೈ. 1 ಮೈಕ್ರೊಗ್ರಾಂನಲ್ಲಿ ಸುಮಾರು 2 ಲಕ್ಷ ಕೋಟಿ ಕಣ. ಅದೇ ತೂಕ 50 ನ್ಯಾನೊಮೀಟರಿನ ಕಣಗಳಲ್ಲಿದ್ದರೆ ಮೇಲ್ಮೈ ಹತ್ತನೇ ಒಂದು ಭಾಗಕ್ಕೆ, ಎಣಿಕೆ ಸಾವಿರದ ಒಂದು ಭಾಗಕ್ಕೆ ಕುಸಿಯುತ್ತದೆ. ಗಾತ್ರ ಹೇಳದೆ ಬರೀ ಮೈಕ್ರೊಗ್ರಾಂ ಹೇಳುವ ವರದಿಯಿಂದ ಏನೂ ಕಲಿಯಲಾಗದು.

ಉಳಿದವುಗಳ ಬಗ್ಗೆ ಎರಡು ಮಾತು. ಮ್ಯಾಂಗನೀಸ್ ಆಕ್ಸೈಡ್ ಮೂರು ಕಿಣ್ವಗಳ ಕೆಲಸವನ್ನೂ ಮಾಡುತ್ತದೆ, ಆದರೆ ಆಮ್ಲದಲ್ಲಿ ಕರಗಿ ಅಯಾನು ಬಿಡುತ್ತದೆ. ಸೆಲೆನಿಯಂ ಕಣಗಳು ಕೋಶದ ಸ್ವಂತ ಗ್ಲುಟಾಥಯೋನ್ ಪೆರಾಕ್ಸಿಡೇಸಿಗೆ ಕಚ್ಚಾ ಸಾಮಗ್ರಿ ಒದಗಿಸಬಲ್ಲವು; ಸೆಲೆನಿಯಂ ಬೇಕಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಮಾತ್ರ ಕಿರಿದು. ಪಾಲಿಡೋಪಮೀನ್ ಮೈಗೆ ಅಂಟುವ ಕಪ್ಪು ಲೇಪ, ಬೆಳೆಸುವ ತಟ್ಟೆ ಅಥವಾ ಜೆಲ್‌ಗೆ ಬಳಿಯಲು ಅನುಕೂಲ. ಇದರಲ್ಲಿ ಖರ್ಚಾಗುವ ಗುಣ ಹೆಚ್ಚು. ಪ್ರಷ್ಯನ್ ಬ್ಲೂ ಒಳ್ಳೆಯ ಕ್ಯಾಟಲೇಸ್, ಸೀಸಿಯಂ ವಿಷ ಹೊರಹಾಕಲು ಔಷಧವಾಗಿ ಬಳಕೆಯಲ್ಲಿರುವುದರಿಂದ ಪರಿಚಿತ ಕೂಡ. ಆದರೆ ಅದು ನೀಲಿ, ಮುಪ್ಪನ್ನು ಗುರುತಿಸುವ ಬಣ್ಣವೂ ನೀಲಿ. ಕೋಶದೊಳಗಿನ ನೀಲಿ ಯಾವುದರದು ಎಂದು ಆಮೇಲೆ ಜಗಳ.

ತಯಾರಿಕೆಯಿಂದ ಫ್ಲಾಸ್ಕಿನವರೆಗೆ

ಡೆಕ್ಸ್‌ಟ್ರಾನ್ ಹೊದಿಕೆಯ ನ್ಯಾನೊಸೀರಿಯ ಮಾಡುವ ಪ್ರಚಲಿತ ವಿಧಾನ ಸರಳವಾಗಿದೆ. 2.17 ಗ್ರಾಂ ಸಿರಿಯಂ ನೈಟ್ರೇಟ್ ಹೆಕ್ಸಾಹೈಡ್ರೇಟನ್ನು 5 ಮಿಲಿಲೀಟರ್ ಶುದ್ಧ ನೀರಿನಲ್ಲಿ ಕರಗಿಸಿದರೆ 1 ಮೋಲಾರ್ ದ್ರಾವಣ. 10 ಕಿಲೊಡಾಲ್ಟನ್ ಡೆಕ್ಸ್‌ಟ್ರಾನ್ 1 ಗ್ರಾಂ ಅನ್ನು 10 ಮಿಲಿಲೀಟರಿನಲ್ಲಿ ಕರಗಿಸಿ ಎರಡನ್ನೂ ಬೆರೆಸಬೇಕು. ಈ ಮಿಶ್ರಣವನ್ನು ಶೇ 30ರ 30 ಮಿಲಿಲೀಟರ್ ಅಮೋನಿಯ ದ್ರಾವಣಕ್ಕೆ ಹನಿಹನಿಯಾಗಿ ಬಿಡುತ್ತಾ ಕಲಕುತ್ತಿದ್ದು, ಸುಮಾರು 24 ಗಂಟೆ ಹಾಗೇ ಬಿಡಬೇಕು. ಕೆಲಸವೆಲ್ಲ ಹೊಗೆಗೂಡಿನೊಳಗೆ. ಕ್ರಮ ತಿರುಗುಮುರುಗಾಗಬಾರದು: ಅಮೋನಿಯವನ್ನು ಸಿರಿಯಂಗೆ ನಿಧಾನ ಬಿಟ್ಟರೆ ಪಿಎಚ್ ಮೆಲ್ಲಗೆ ಏರಿ, ಕೆಲವೇ ಮೊಳಕೆಗಳು ಹುಟ್ಟಿ ಅವೇ ದೊಡ್ಡದಾಗುತ್ತವೆ. ಸಿರಿಯಂ ಅಮೋನಿಯದೊಳಗೆ ಬಿದ್ದಾಗ ಒಮ್ಮೆಲೇ ಅಸಂಖ್ಯ ಮೊಳಕೆಗಳು ಹುಟ್ಟಿ ಸಣ್ಣದಾಗಿಯೇ ಉಳಿಯುತ್ತವೆ. ಬಳಿಕ 4,000 ಆರ್‌ಪಿಎಂನಲ್ಲಿ ಅರ್ಧ ಗಂಟೆಯಂತೆ ಎರಡು ಸುತ್ತು ತಿರುಗಿಸಿ ಗಟ್ಟಿಯನ್ನು ಬಿಸಾಡಿ, ತಿಳಿಯನ್ನು 30 ಕಿಲೊಡಾಲ್ಟನ್ ಜರಡಿಪೊರೆಯಲ್ಲಿ ನೀರಿನಿಂದ ಪದೇ ಪದೇ ತೊಳೆಯಬೇಕು. ತೊಳೆಯುವುದರಲ್ಲಿ ಸೋಮಾರಿತನ ತೋರಿದರೆ ಉಳಿದ ಅಮೋನಿಯ ಮತ್ತು ಬಿಡಿ ಸಿರಿಯಂ ಅಯಾನುಗಳು ಕೋಶಗಳನ್ನು ಕೊಲ್ಲುತ್ತವೆ, ಬೈಗುಳ ಕಣಕ್ಕೆ ಬೀಳುತ್ತದೆ.

ತಯಾರಾದ ಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನಡುಗಣದ ಗಾತ್ರ, ಬೆಳಕಿನ ಚದುರುವಿಕೆಯಲ್ಲಿ ಹೊದಿಕೆ ಸೇರಿದ ಗಾತ್ರ, ಲೋಹದ ಅಂಶ ಅಳೆಯುವ ಯಂತ್ರವಾದ ಐಸಿಪಿ-ಎಂಎಸ್‌ನಲ್ಲಿ ಸಿರಿಯಂ ಪ್ರಮಾಣ ಅಳೆಯಬೇಕು. ಸೋಂಕು ತೆಗೆಯಲು 0.22 ಮೈಕ್ರಾನ್ ಸೋಸುಕ ಸಾಕು. ಸೋಸುಕದಲ್ಲೇ ಸ್ವಲ್ಪ ಕಣ ಉಳಿದುಬಿಡುವುದರಿಂದ ಪ್ರಮಾಣ ಅಳೆಯುವುದು ಸೋಸಿದ ಬಳಿಕ, ಮುಂಚೆಯಲ್ಲ. ಸೋಸಿದ ಮಾತ್ರಕ್ಕೆ ಎಂಡೊಟಾಕ್ಸಿನ್ ಹೋಗುವುದಿಲ್ಲ. ಬ್ಯಾಕ್ಟೀರಿಯ ಸತ್ತರೂ ಉಳಿಯುವ ಈ ಚೂರುಗಳು ಐಎಲ್-6 ಅನ್ನು ಏರಿಸಿ, ಮುಪ್ಪು ತಡೆಯಬಂದ ಕಣವೇ ಮುಪ್ಪು ತಂದಂತೆ ತೋರಿಸುತ್ತವೆ. ಶೇಖರಣೆ 4 ಡಿಗ್ರಿಯಲ್ಲಿ; ಹೆಪ್ಪುಗಟ್ಟಿಸಿದರೆ ಕಣಗಳು ಗುಂಪುಗಟ್ಟುತ್ತವೆ.

ತುಂಬ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕೈಗೆ ಸಿಕ್ಕ ಫಾಸ್ಫೇಟ್ ಬಫರಿನಲ್ಲಿ ಕಣವನ್ನು ತೆಳುಮಾಡುತ್ತಾರೆ. ಫಾಸ್ಫೇಟ್ ಮೂರು ಧನದ ಸಿರಿಯಂಗೆ ಬಲವಾಗಿ ಅಂಟುತ್ತದೆ. ಎಸ್‌ಒಡಿ ಗುಣ ಕುಸಿಯುತ್ತದೆ, ಕ್ಯಾಟಲೇಸ್ ಗುಣ ಉಳಿಯುತ್ತದೆ ಅಥವಾ ಏರುತ್ತದೆ. ಬೇರೆಯದೇ ಪದಾರ್ಥವನ್ನು ಕೋಶಕ್ಕೆ ಕೊಟ್ಟಂತಾಯಿತು. ತೆಳುಮಾಡಲು ಶುದ್ಧ ನೀರು ಬಳಸಿ, ಕೊನೆಗೆ ಪೋಷಕ ದ್ರವಕ್ಕೆ ಶೇ 1ಕ್ಕಿಂತ ಹೆಚ್ಚು ಗಾತ್ರ ಸೇರದಂತೆ ನೋಡಿಕೊಂಡರೆ ಸಾಕು. ಪೋಷಕ ದ್ರವದಲ್ಲೂ ಸುಮಾರು 1 ಮಿಲಿಮೋಲಾರ್ ಫಾಸ್ಫೇಟ್ ಇದ್ದೇ ಇರುತ್ತದೆ, ಅದನ್ನು ತಪ್ಪಿಸಲಾಗದು. ಆದ್ದರಿಂದ ಕಣದ ಎಸ್‌ಒಡಿ ಮತ್ತು ಕ್ಯಾಟಲೇಸ್ ಗುಣವನ್ನು ನೀರಿನಲ್ಲಿ ಮಾತ್ರವಲ್ಲ, ಅದೇ ಪೋಷಕ ದ್ರವದಲ್ಲಿ 24 ಗಂಟೆ ಇಟ್ಟ ಬಳಿಕವೂ ಅಳೆಯಬೇಕು. ಕೋಶದ ಕೈಗೆ ಸಿಗುವುದು ಆ ಎರಡನೆಯದು. ಸೀರಮ್ ಹಾಕುವ ಮೊದಲೇ ಕಣ ಹಾಕುವುದೂ ತಪ್ಪು. ಸೀರಮಿನ ಪ್ರೋಟೀನ್ ಹೊದಿಕೆ ಇಲ್ಲದೆ ಉಪ್ಪಿನ ದ್ರವದಲ್ಲಿ ಕಣಗಳು ಗಂಟುಕಟ್ಟಿ ತಳಕ್ಕೆ ಇಳಿಯುತ್ತವೆ, ತಳದಲ್ಲೇ ಇರುವ ಕೋಶಗಳ ಮೇಲೆ ಮಣ್ಣು ಸುರಿದಂತೆ.

ಪ್ರಮಾಣಕ್ಕೆ ಹೊಸಬರು ಮಿಲಿಲೀಟರಿಗೆ 0.5, 1, 5, 10, 25, 50 ಮೈಕ್ರೊಗ್ರಾಂ ಹೀಗೆ ಏಣಿ ಹಾಕಿ ನೋಡುವುದು ಒಳ್ಳೆಯದು. ಆದರೆ ಕೋಶಕ್ಕೆ ಮಿಲಿಲೀಟರ್ ಗೊತ್ತಿಲ್ಲ. 25 ಚದರ ಸೆಂಟಿಮೀಟರ್ ಫ್ಲಾಸ್ಕಿನಲ್ಲಿ 5 ಮಿಲಿಲೀಟರ್ ದ್ರವ, ಮಿಲಿಲೀಟರಿಗೆ 5 ಮೈಕ್ರೊಗ್ರಾಂ ಎಂದರೆ ಒಟ್ಟು 25 ಮೈಕ್ರೊಗ್ರಾಂ. ಚದರ ಸೆಂಟಿಮೀಟರಿಗೆ 3,000ದಂತೆ 75,000 ಕೋಶ ಬಿತ್ತಿದ್ದರೆ, ಮೊದಲ ದಿನ ಒಂದು ಕೋಶದ ಪಾಲಿಗೆ ಸುಮಾರು 70 ಕೋಟಿ ಕಣ. ಫ್ಲಾಸ್ಕ್ ತುಂಬುವ ಹೊತ್ತಿಗೆ ಕೋಶಗಳು ಹತ್ತುಪಟ್ಟಾದರೆ ಅದೇ ಪ್ರಮಾಣದಲ್ಲಿ ಪಾಲು 7 ಕೋಟಿ. ಒಳಸೇರುವುದು ಇದರ ಒಂದು ಅಂಶ ಮಾತ್ರ. ಬಿತ್ತಿದ ದಿನವೇ ಕೊಟ್ಟದ್ದಕ್ಕೂ ಮೂರು ದಿನ ಬಿಟ್ಟು ಕೊಟ್ಟದ್ದಕ್ಕೂ ಫಲಿತಾಂಶ ಬೇರೆಯಾದರೆ ಅಚ್ಚರಿಪಡಬೇಕಿಲ್ಲ.

ಲೈಸೊಸೋಮ್ ಎಂಬ ಬೋನು

ಕಣಗಳನ್ನು ಕೋಶ ನುಂಗುತ್ತದೆ. ನುಂಗಿದ್ದು ಹೆಚ್ಚಿನಂಶ ಹೋಗಿ ಸೇರುವುದು ಕೋಶದ ಜೀರ್ಣಚೀಲವಾದ ಲೈಸೊಸೋಮಿಗೆ. ಅಲ್ಲಿನ ಪಿಎಚ್ 4.5ರಿಂದ 5. ತಟಸ್ಥ ಪಿಎಚ್‌ನಲ್ಲಿ ಸಾಧುವಾಗಿದ್ದ ನ್ಯಾನೊಸೀರಿಯ ಆಮ್ಲದಲ್ಲಿ ಆಕ್ಸಿಡೇಸಿನಂತೆ ವರ್ತಿಸಿ, ಸಿಕ್ಕಿದ್ದನ್ನು ತಾನೇ ಉತ್ಕರ್ಷಿಸಬಲ್ಲದು. ಕಬ್ಬಿಣದ ಆಕ್ಸೈಡ್ ಕರಗಿ ಫೆಂಟನ್ ಕ್ರಿಯೆಗೆ ಇಂಧನವಾಗುತ್ತದೆ. ಒಂದೇ ಕಣ ಒಂದು ಲ್ಯಾಬಿನಲ್ಲಿ ರಕ್ಷಕ, ಇನ್ನೊಂದರಲ್ಲಿ ಭಕ್ಷಕ ಆಗುವುದಕ್ಕೆ ಹೊದಿಕೆ, ಗಾತ್ರ, ಒಳಹೊಕ್ಕ ದಾರಿ ಇವು ಬೇರೆಯಾಗಿರುವುದು ಬಹುಮುಖ್ಯ ಕಾರಣ.

ಆರ್‌ಒಎಸ್ ಹುಟ್ಟುವ ಮೈಟೊಕಾಂಡ್ರಿಯಕ್ಕೇ ಕಣವನ್ನು ಕಳಿಸಲು ಟ್ರೈಫಿನೈಲ್‌ಫಾಸ್ಫೋನಿಯಂ ಎಂಬ ಧನಾವೇಶದ ಬಾಲ ಕಟ್ಟುತ್ತಾರೆ. ಮೈಟೊಕಾಂಡ್ರಿಯದ ಒಳಭಾಗ 150ರಿಂದ 180 ಮಿಲಿವೋಲ್ಟ್ ಋಣ. ಪ್ರತಿ 60 ಮಿಲಿವೋಲ್ಟಿಗೆ ಹತ್ತುಪಟ್ಟಿನಂತೆ ಇಂಥ ಸಣ್ಣ ಅಣುಗಳು ಒಳಗೆ ಸಾಂದ್ರವಾಗುತ್ತವೆ. ಅಣುಗಳ ಈ ಲೆಕ್ಕ ಕಣಗಳಿಗೆ ಹಾಗೇ ಒಪ್ಪುವುದಿಲ್ಲ, ಕಣ ದೊಡ್ಡದು. ಅಲ್ಲದೆ ಮುಪ್ಪಾದ ಕೋಶಗಳಲ್ಲಿ ಆ ವೋಲ್ಟೇಜೇ ಕುಗ್ಗಿರುತ್ತದೆ, ಬೇಕಾದವರಿಗೇ ಕಡಿಮೆ ತಲುಪುತ್ತದೆ.

ಮುಪ್ಪು ನಿಧಾನವಾಯಿತೆಂದು ಹೇಗೆ ತಿಳಿಯುವುದು

ಬಹಳ ಪ್ರಯೋಗಗಳು ಹೀಗೆ ನಡೆಯುತ್ತವೆ. ಕೋಶಗಳಿಗೆ ಕಣ ಹಾಕುತ್ತಾರೆ, ಮೇಲೆ 100-200 ಮೈಕ್ರೊಮೋಲಾರ್ ಪೆರಾಕ್ಸೈಡ್ ಸುರಿಯುತ್ತಾರೆ, ಕಣ ಹಾಕಿದ ಕೋಶಗಳು ಚೆನ್ನಾಗಿವೆ ಎಂದು ಚಿತ್ರ ಅಚ್ಚಾಗುತ್ತದೆ. ಇದರಿಂದ ಸಾಬೀತಾದದ್ದು ಒಂದೇ: ದ್ರವದಲ್ಲಿ ತೇಲುತ್ತಿದ್ದ ಕಣಗಳು ದ್ರವದಲ್ಲಿದ್ದ ಪೆರಾಕ್ಸೈಡನ್ನು ಒಡೆದವು. ಕೋಶಕ್ಕೆ ಏಟೇ ಬಿದ್ದಿಲ್ಲ. ಕಣ ಕೊಟ್ಟು 24 ಗಂಟೆಯಾದ ಮೇಲೆ ಮೂರು ಬಾರಿ ತೊಳೆದು, ತೊಳೆದ ನೀರಿನಲ್ಲಿ ಸಿರಿಯಂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಪೆರಾಕ್ಸೈಡ್ ಕೊಟ್ಟರೆ ಮಾತಿಗೆ ತೂಕ ಬರುತ್ತದೆ. ಅದಕ್ಕಿಂತ ಪ್ರಾಮಾಣಿಕ ದಾರಿ ಪೆರಾಕ್ಸೈಡೇ ಇಲ್ಲದೆ, ಕೋಶಗಳು ಸಹಜವಾಗಿ ನಿಲ್ಲುವವರೆಗೂ ಬೆಳೆಸುವುದು. ತಿಂಗಳುಗಟ್ಟಲೆ ಹಿಡಿಯುತ್ತದೆ, ಅದಕ್ಕೇ ಕಡಿಮೆ ಮಂದಿ ಮಾಡುತ್ತಾರೆ.

ಇದರ ಅಳತೆಗೋಲು ದುಪ್ಪಟ್ಟಿನ ಎಣಿಕೆ. ಕೊಯ್ದ ಕೋಶಗಳ ಸಂಖ್ಯೆಯನ್ನು ಬಿತ್ತಿದ ಸಂಖ್ಯೆಯಿಂದ ಭಾಗಿಸಿ, ಹತ್ತರ ಲಾಗರಿದಮ್ ತೆಗೆದು 3.32ರಿಂದ ಗುಣಿಸಬೇಕು. 75,000 ಬಿತ್ತಿ 6 ಲಕ್ಷ ಕೊಯ್ದರೆ ಮೂರು ದುಪ್ಪಟ್ಟು. ಪ್ರತಿ ಹಂಚಿಕೆಯ ಎಣಿಕೆ ಕೂಡಿಸುತ್ತಾ ಹೋಗಿ, ಗೆರೆ ಯಾವ ದಿನ ಮಟ್ಟಸವಾಯಿತು ನೋಡಬೇಕು. ಪಕ್ಕದಲ್ಲಿ ಹೋಲಿಕೆಗೆ ಏನೂ ಹಾಕದ ಫ್ಲಾಸ್ಕ್, ಡೆಕ್ಸ್‌ಟ್ರಾನ್ ಮಾತ್ರ ಹಾಕಿದ್ದು, ಕರಗಿದ ಸಿರಿಯಂ ನೈಟ್ರೇಟ್ ಹಾಕಿದ್ದು, 1 ಮಿಲಿಮೋಲಾರ್ ಎನ್-ಅಸಿಟೈಲ್ ಸಿಸ್ಟೀನ್ ಹಾಕಿದ್ದು, ಶೇ 5 ಆಮ್ಲಜನಕದಲ್ಲಿಟ್ಟದ್ದು ಇರಬೇಕು. ಕೊನೆಯದನ್ನು ಮೀರಿಸದ ಕಣಕ್ಕೆ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ಕನಿಷ್ಠ ಮೂವರು ದಾನಿಗಳ ಕೋಶ ಬೇಕು. ದಾನಿಯಿಂದ ದಾನಿಗೆ ಇರುವ ವ್ಯತ್ಯಾಸ ಎಷ್ಟೋ ಬಾರಿ ಕಣದ ಪರಿಣಾಮಕ್ಕಿಂತ ದೊಡ್ಡದು.

ಮುಪ್ಪಿನ ನೀಲಿ ಬಣ್ಣ, ಅಂದರೆ ಪಿಎಚ್ 6ರ ಬೀಟಾ-ಗ್ಯಾಲಕ್ಟೊಸಿಡೇಸ್ ಪರೀಕ್ಷೆ, 1995ರಿಂದ ಬಳಕೆಯಲ್ಲಿದೆ. ಶೇ 2 ಫಾರ್ಮಾಲ್ಡಿಹೈಡ್ ಮತ್ತು ಶೇ 0.2 ಗ್ಲುಟರಾಲ್ಡಿಹೈಡ್‌ನಲ್ಲಿ 3ರಿಂದ 5 ನಿಮಿಷ ಸ್ಥಿರಗೊಳಿಸಿ, ಮಿಲಿಲೀಟರಿಗೆ 1 ಮಿಲಿಗ್ರಾಂ ಎಕ್ಸ್-ಗ್ಯಾಲ್ (ಕಿಣ್ವ ಕಡಿದಾಗ ನೀಲಿಯಾಗುವ ಪದಾರ್ಥ), ತಲಾ 5 ಮಿಲಿಮೋಲಾರ್ ಪೊಟಾಸಿಯಂ ಫೆರೊಸಯನೈಡ್ ಮತ್ತು ಫೆರಿಸಯನೈಡ್, 150 ಮಿಲಿಮೋಲಾರ್ ಉಪ್ಪು, 2 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಇರುವ ಸಿಟ್ರೇಟ್-ಫಾಸ್ಫೇಟ್ ಬಫರಿನಲ್ಲಿ 37 ಡಿಗ್ರಿಗೆ ರಾತ್ರಿಯಿಡೀ ಇಡುವುದು. ಕೋಶ ಬೆಳೆಸುವ ಇನ್‌ಕ್ಯುಬೇಟರಿನಲ್ಲಿ ಇಟ್ಟರೆ ಕೆಟ್ಟಿತು: ಅಲ್ಲಿನ ಇಂಗಾಲದ ಡೈಆಕ್ಸೈಡ್ ಬಫರಿನ ಪಿಎಚ್ ಇಳಿಸುತ್ತದೆ, ಎಳೆಯ ಕೋಶಗಳೂ ನೀಲಿಯಾಗುತ್ತವೆ. ಫ್ಲಾಸ್ಕ್ ಕಿಕ್ಕಿರಿದು ತುಂಬಿದ್ದರೂ ಅದೇ ಕಥೆ. ಈ ಕಿಣ್ವ ಇರುವುದು ಲೈಸೊಸೋಮಿನಲ್ಲಿ, ಕಣ ತುಂಬಿಕೊಳ್ಳುವುದೂ ಅಲ್ಲೇ. ಹಾಗಾಗಿ ಈ ಬಣ್ಣವೊಂದನ್ನೇ ನಂಬದೆ ಪಿ16, ಪಿ21, ಕೋಶಕೇಂದ್ರದ ಒಳಗೋಡೆಯ ಪ್ರೋಟೀನಾದ ಲ್ಯಾಮಿನ್ ಬಿ1, ಡಿಎನ್‌ಎ ಏಟಿನ ಗುರುತಾದ ಗಾಮಾ-ಎಚ್2ಎಎಕ್ಸ್ ಚುಕ್ಕೆಗಳ ಎಣಿಕೆ, ಇವುಗಳಲ್ಲಿ ಎರಡು ಮೂರನ್ನಾದರೂ ಜೊತೆಗೆ ನೋಡಬೇಕು.

ಆರ್‌ಒಎಸ್ ಅಳೆಯುವ ಡಿಸಿಎಫ್ ಬಣ್ಣ ಇನ್ನೂ ಮೋಸಗಾರ. ಪೆರಾಕ್ಸಿಡೇಸ್ ಗುಣವಿರುವ ಕಣ ಈ ಬಣ್ಣವನ್ನು ತಾನೇ ಉತ್ಕರ್ಷಿಸಿ ಹೊಳಪು ಏರಿಸುತ್ತದೆ. ಕಪ್ಪು ಕಣ ಹೊಳಪನ್ನು ಹೀರಿ ಇಳಿಸುತ್ತದೆ. ತಟ್ಟೆಯ ಕೋಶವಿಲ್ಲದ ಗುಳಿಯಲ್ಲಿ ಕಣ ಮತ್ತು ಬಣ್ಣ ಮಾತ್ರ ಹಾಕಿದ ಹೋಲಿಕೆ ಇರಲೇಬೇಕು. ಕಣಗಳ ಮೈಗೆ ಪ್ರೋಟೀನ್ ಅಂಟುವುದರಿಂದ ಐಎಲ್-6 ಅಳತೆಯೂ ತಪ್ಪಬಹುದು: ಉರಿಯೂತ ಇಳಿದಿರುವುದಿಲ್ಲ, ಐಎಲ್-6 ಕಣಕ್ಕೆ ಅಂಟಿಕೊಂಡು ತಳಕ್ಕೆ ಹೋಗಿರುತ್ತದೆ. ಗೊತ್ತಿರುವಷ್ಟು, ಉದಾಹರಣೆಗೆ 500 ಪಿಕೊಗ್ರಾಂ ಐಎಲ್-6 ಅನ್ನು ಕಣವಿರುವ ದ್ರವಕ್ಕೆ ಸೇರಿಸಿ, ಎಷ್ಟು ವಾಪಸು ಸಿಗುತ್ತದೆ ನೋಡಿದರೆ ಸತ್ಯ ಹೊರಬೀಳುತ್ತದೆ.

ಎಲ್ಲ ಕಿಡಿಯನ್ನೂ ಆರಿಸಬಾರದು

ಆರ್‌ಒಎಸ್ ಬರೀ ವಿಷವಲ್ಲ, ಕೋಶದೊಳಗಿನ ಮಾತುಕತೆಯೂ ಹೌದು. ಮೆಸೆಂಕೈಮಲ್ ಕಾಂಡಕೋಶ ಕೊಬ್ಬಿನ ಕೋಶವಾಗಿ ಬದಲಾಗಲು ಮೈಟೊಕಾಂಡ್ರಿಯದ ಮೂರನೆಯ ಸಂಕೀರ್ಣದಿಂದ ಹೊಮ್ಮುವ ಆರ್‌ಒಎಸ್ ಬೇಕೆಂದು 2011ರಲ್ಲಿ ತೋರಿಸಲಾಯಿತು. ಅದನ್ನು ಆರಿಸಿದರೆ ಬದಲಾವಣೆ ನಿಂತುಹೋಗುತ್ತದೆ. ಇದನ್ನೇ ಮಿತಿಮೀರಿದ ಪ್ರಮಾಣದ ಎಚ್ಚರಗಂಟೆಯಾಗಿ ಬಳಸಿಕೊಳ್ಳಬಹುದು: ಕಣ ಹಾಕಿದ ಕೋಶಗಳು ಮೂಳೆ ಕೋಶವಾಗುತ್ತವೆ, ಕೊಬ್ಬಿನ ಕೋಶವಾಗಲು ತಡವರಿಸುತ್ತವೆ ಎಂದರೆ ಪ್ರಮಾಣ ಇಳಿಸಬೇಕು. ಮೂಳೆಯ ಪರೀಕ್ಷೆಯಲ್ಲೂ ಒಂದು ಬಲೆಯಿದೆ. ಅದರ ದ್ರವಕ್ಕೆ ಹಾಕುವ 10 ಮಿಲಿಮೋಲಾರ್ ಬೀಟಾ-ಗ್ಲಿಸರೊಫಾಸ್ಫೇಟ್ ಒಡೆದು ಫಾಸ್ಫೇಟ್ ಬಿಡುವುದರಿಂದ, ಮೂರು ವಾರದ ಕೊನೆಯಲ್ಲಿ ಅಲ್ಲಿರುವ ಕಣ ಮೊದಲ ದಿನದ ಕಣವಲ್ಲ.

ಟೆಲೊಮಿಯರ್ ವಿಷಯದಲ್ಲೂ ಆಸೆಗೆ ಮಿತಿಯಿರಲಿ. ಪ್ರತಿ ವಿಭಜನೆಗೆ ಸುಮಾರು 50ರಿಂದ 200 ಬೇಸ್ ಜೋಡಿ ಸವೆಯುತ್ತದೆ. ಆರ್‌ಒಎಸ್ ತಗ್ಗಿಸಿದರೆ ಸವೆತದ ಹೆಚ್ಚುವರಿ ಭಾಗ ತಗ್ಗಬಹುದು, ಮೂಲ ಸವೆತ ನಿಲ್ಲದು. ಆಗಲೇ ಮುಪ್ಪಾದ ಕೋಶವನ್ನು ಯಾವ ಆಂಟಿಆಕ್ಸಿಡೆಂಟೂ ಎಳೆಯದಾಗಿಸುವುದಿಲ್ಲ, ಆದ್ದರಿಂದ ಕಣ ಕೊಡುವುದಾದರೆ ಎರಡನೆಯ ಮೂರನೆಯ ಹಂಚಿಕೆಯಲ್ಲೇ ಶುರುಮಾಡಬೇಕು. ಇನ್ನೊಂದು ಭಯವೂ ಇದೆ. ಮುಪ್ಪು ಎನ್ನುವುದು ಡಿಎನ್‌ಎ ಕೆಟ್ಟ ಕೋಶ ಕ್ಯಾನ್ಸರಾಗದಂತೆ ತಡೆಯುವ ಬೀಗ. ಏಟು ಕಡಿಮೆಯಾಗಿ ಬೀಗ ಬೀಳದಿದ್ದರೆ ಸಂತೋಷ; ಏಟು ಬಿದ್ದೂ ಬೀಗ ಮಾತ್ರ ಬೀಳದಿದ್ದರೆ ಅಪಾಯ. ಪಿ16 ಇಳಿದು ಗಾಮಾ-ಎಚ್2ಎಎಕ್ಸ್ ಚುಕ್ಕೆಗಳು ಹಾಗೇ ಇದ್ದರೆ ಅದು ಕೆಟ್ಟ ಸುದ್ದಿ, ಆ ಕೋಶಗಳ ಕ್ರೊಮೊಸೋಮ್ ಎಣಿಕೆ ಮಾಡಿಸದೆ ಮುಂದೆ ಹೋಗಬಾರದು. ಸಾಮಾನ್ಯ ಆಂಟಿಆಕ್ಸಿಡೆಂಟ್ ಕೂಡ ತಿರುಗಿಬಿದ್ದದ್ದುಂಟು: ಫಿನ್‌ಲೆಂಡಿನ 29,133 ಧೂಮಪಾನಿ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 20 ಮಿಲಿಗ್ರಾಂ ಬೀಟಾ-ಕ್ಯಾರೊಟೀನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು.

ದೇಹದೊಳಗೆ ಹೋಗುವ ಮುನ್ನ

ಸಿರಿಯಂ ಕಣವನ್ನು ನೇರ ರಕ್ತಕ್ಕೆ ಕೊಟ್ಟರೆ ಬಹುಪಾಲು ಯಕೃತ್ತು ಮತ್ತು ಗುಲ್ಮದಲ್ಲಿ ಹೋಗಿ ಕೂರುತ್ತದೆ, ಬೇಗ ಹೊರಬೀಳುವುದಿಲ್ಲ. ಮೂತ್ರಪಿಂಡದ ಸೋಸು ದಾಟಬೇಕಾದರೆ ಹೊದಿಕೆ ಸೇರಿ ಗಾತ್ರ ಸುಮಾರು 5.5 ನ್ಯಾನೊಮೀಟರಿಗಿಂತ ಕಡಿಮೆ ಇರಬೇಕು. ಡೆಕ್ಸ್‌ಟ್ರಾನ್ ಹೊದ್ದ ಕಣ ಅದಕ್ಕಿಂತ ದಪ್ಪ. ಹೀಗಾಗಿ ಕಣವನ್ನು ಫ್ಲಾಸ್ಕಿನ ಹಂತದಲ್ಲೇ ಬಳಸಿ, ಕೋಶಗಳನ್ನು ಮಾತ್ರ ದೇಹಕ್ಕೆ ಕೊಡುವ ಯೋಚನೆ ಹೆಚ್ಚು ಕಾರ್ಯಸಾಧ್ಯ. ಆಗ ಉಳಿಯುವ ಪ್ರಶ್ನೆ ಕೋಶದೊಳಗೆ ಎಷ್ಟು ಸಿರಿಯಂ ಸಾಗಿಹೋಗುತ್ತದೆ ಎಂಬುದು.

ಕೋಶವೊಂದಕ್ಕೆ 10 ಪಿಕೊಗ್ರಾಂ ಎಂದು ಹಿಡಿದರೆ, 6 ಕೋಟಿ ಕೋಶಗಳ ಜೊತೆ 600 ಮೈಕ್ರೊಗ್ರಾಂ ಹೋಗುತ್ತದೆ. ಕೋಶ ಕಣವನ್ನು ಅಷ್ಟಾಗಿ ಹೊರಹಾಕದಿದ್ದರೂ, ಪ್ರತಿ ವಿಭಜನೆಗೆ ಪಾಲು ಅರ್ಧವಾಗುತ್ತದೆ. ಐದು ವಿಭಜನೆಯಾದರೆ ಮೂವತ್ತೆರಡನೇ ಒಂದು ಭಾಗ, ಅದೇ 6 ಕೋಟಿ ಕೋಶಗಳಲ್ಲಿ ಸುಮಾರು 19 ಮೈಕ್ರೊಗ್ರಾಂ. ಕೊನೆಯ ಎರಡು ಹಂಚಿಕೆಗಳಲ್ಲಿ ಕಣ ಹಾಕದೆ ಬೆಳೆಸಿದರೆ ಇಷ್ಟು ಇಳಿಕೆ ಸಿಗುತ್ತದೆ. ಆದರೆ ಕಣ ತೆಳುವಾದಷ್ಟೂ ಕಾವಲೂ ತೆಳು. ಆ ಎರಡು ಹಂಚಿಕೆಗಳನ್ನು ಶೇ 5 ಆಮ್ಲಜನಕದಲ್ಲಿ ನಡೆಸಿ, ಕೊಯ್ಲಿನ ದಿನ 10 ಲಕ್ಷ ಕೋಶಗಳನ್ನು ಎತ್ತಿಟ್ಟು ನೈಟ್ರಿಕ್ ಆಮ್ಲ ಮತ್ತು ಪೆರಾಕ್ಸೈಡಿನಲ್ಲಿ ಕರಗಿಸಿ ಐಸಿಪಿ-ಎಂಎಸ್‌ಗೆ ಕೊಡಬೇಕು. ಸಿರಿಯಂ ಆಕ್ಸೈಡ್ ಬರೀ ನೈಟ್ರಿಕ್ ಆಮ್ಲಕ್ಕೆ ಜಗ್ಗದು. ಪೆರಾಕ್ಸೈಡ್ ಮರೆತರೆ ಕಣ ಕರಗದೆ ತಳದಲ್ಲೇ ಉಳಿದು, ಕೋಶಗಳು ಶುದ್ಧವೆಂಬ ಸುಳ್ಳು ಅಂಕಿ ಕಾಗದದ ಮೇಲೆ ಬರುತ್ತದೆ.